ಎಡಕ್ಕೆ ವಾಲಿದ ಮುಳ್ಳು

೧೯-೧೧-೪೬, ಮಂಗಳವಾರ. ಬೆಳಿಗ್ಗೆ ೮.

ಲಿಂಗಪೂಜೆ ಮುಗಿಸಿ, ಹಾಲಿನ ದುರ್ಗಮ್ಮನನ್ನು ಕಳಿಸಿ ಕೂತೆ. ನೀರು ಬೆರೆಸುವುದು ಬಿಟ್ಟಿಲ್ಲ. ಕೇಳಿದರೆ, "ಎಮ್ಮೆ ನೀರು ಜಾಸ್ತಿ ಕುಡೀತದೆ ಅಮ್ಮಾ" ಎಂದಳು. ನಾಳೆಯಿಂದ ಎಮ್ಮೆಯನ್ನೇ ಬಾಗಿಲಿಗೆ ತಂದು ಕರೆಯಲಿ ಎಂದಿದ್ದೇನೆ.

ಷಡಕ್ಷರಪ್ಪ ಇನ್ನೂ ಮಲಗಿದ್ದಾನೆ. ಬಂದದ್ದು ರಾತ್ರಿ ಎರಡಕ್ಕೆ. ನಿದಿಗೆ ಊರು ದಾಟುವಾಗ ಮೋಟಾರ್‌ಸೈಕಲ್ಲಿನ ದೀಪ ಆರಿತಂತೆ. ಎಂಜಿನ್ ಓಡುತ್ತಲೇ ಇತ್ತು, ಬೆಳಕಿಲ್ಲ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಬೇರೆ, ದೀಪಕ್ಕೆ ಬ್ಯಾಟರಿ ಬೇರೆ ಅಂತೆ. ಒಂದೇ ಗಾಡಿಯಲ್ಲಿ ಎರಡು ಸಂಸಾರ. ಕತ್ತಲಲ್ಲಿ ಎತ್ತಿನ ಗಾಡಿಯೊಂದರ ಲಾಟೀನಿನ ಬೆಳಕು ಹಿಡಿದು ಹಿಂದೆ ಹಿಂದೆ ಹೋಗಿದ್ದಾನೆ. ನನ್ನ ಮಗ. ಮಿಲಿಟರಿಯಲ್ಲಿ ಬರ್ಮಾದವರೆಗೆ ಲಾರಿ ಓಡಿಸಿದವನು.

ಇವನ ಕೆಲಸವೂ ಎಂಥದ್ದೋ. ಜಂಬಣ್ಣನವರಿಗೆ ಇಲ್ಲೊಂದು ಟಾಕೀಸು, ಭದ್ರಾವತಿಯಲ್ಲೊಂದು. ಎರಡಕ್ಕೂ ಚಿತ್ರ ಮಾತ್ರ ಒಂದೇ ಪ್ರತಿ. ಇಲ್ಲಿ ಅರ್ಧ ಆಟ ಮುಗಿಯುತ್ತಲೇ ಆ ರೀಲಿನ ಡಬ್ಬಿಗಳನ್ನು ಅಲ್ಲಿಗೆ ಒಯ್ಯಬೇಕು. ಹಿಂದಿರುಗಿ ಬಂದು ಉಳಿದರ್ಧ ಒಯ್ಯಬೇಕು. ಭದ್ರಾವತಿಯ ಜನ ಅರ್ಧ ಕಥೆ ನೋಡಿ, ಬೀಡಿ ಸೇದಿ ಬರುವಷ್ಟರಲ್ಲಿ ಡಬ್ಬಿ ತಲುಪಿರಬೇಕು. ನಿನ್ನೆ ತಲುಪಲಿಲ್ಲ. ಕಾರ್ಖಾನೆಯ ಆಳುಗಳು ಬೆಂಚು ಬಡಿದರಂತೆ. ನಾಯಕಿಯನ್ನು ಬಾವಿಗೆ ತಳ್ಳುವಲ್ಲಿಗೆ ಮೊದಲರ್ಧ ನಿಂತಿತ್ತು—ಅವಳು ಒಂದೂವರೆ ಗಂಟೆ ಬಾವಿಯಲ್ಲೇ ಇದ್ದಳು.

ಸಿನಿಮಾ ಡಬ್ಬಿ ಹೊರುವುದು ನಮ್ಮ ಮನೆತನಕ್ಕೆ ತಕ್ಕದ್ದಲ್ಲ ಎಂದು ಮೊದಲು ಅಂದವಳೇ ನಾನು. ಈಗ ಅದು ತಪ್ಪಿದರೆ? ಭಾವ ಪರಮೇಶ್ವರಪ್ಪನವರ ಬೆಲ್ಲದ ಮಂಡಿ. ನಮ್ಮ ಯಜಮಾನರು ತೀರಿಕೊಂಡ ವರ್ಷ ಪಾಲಿಗೆ ಈ ಮನೆಯೊಂದನ್ನು ಬಿಟ್ಟುಕೊಟ್ಟು, "ಹುಡುಗ ದೊಡ್ಡೋನಾದ್ಮೇಲೆ ಮಂಡೀಲಿ ಚೀಲ ಎಣಿಸ್ಕೊಂಡಿರ್ಲಿ" ಎಂದ ಮನುಷ್ಯ. ಆ ಮೆಟ್ಟಿಲನ್ನು ನನ್ನ ಮಗ ಹತ್ತಬಾರದು. ನನಗೆ ಬೇಕಾದ್ದು ಇಷ್ಟೇ.

೨೦-೧೧-೪೬. ಸಂಜೆ ೭.

ಬ್ಯಾಟರಿಯನ್ನು ಟಾಕೀಸಿನ ಎಂಜಿನ್ ಮನೆಯಲ್ಲಿ ಇಡೀ ದಿನ ಚಾರ್ಜಿಗೆ ಇಟ್ಟು ತಂದಿದ್ದಾನೆ. ಎಂಟಾಣೆ. ಇನ್ನು ಸರಿಹೋಗಬೇಕು.

ಕಾರ್ತಿಕ ಮುಗಿಯಲು ಇನ್ನೆರಡು ಮೂರು ದಿನ. ದೇವರ ಮನೆ, ಹೊಸ್ತಿಲು, ಬಚ್ಚಲು, ಕೊಟ್ಟಿಗೆ—ಎಲ್ಲ ದೀಪ ಆಯಿತು. ದೀಪ ಹಚ್ಚುವ ಹೊತ್ತಿನಲ್ಲಿ ಮನೆಯ ಯಾವ ದೀಪವೂ ಕಪ್ಪಗಿರಬಾರದು. ನಮ್ಮ ಅತ್ತೆಯವರ ಕಾಲದಿಂದ ಬಂದದ್ದು. ಮೂಲೆಯ ಮುರುಕು ಲಾಟೀನಿಗೂ ಒಂದು ಗಳಿಗೆ ಬೆಳಕು ಕಾಣಿಸುತ್ತಿದ್ದರು. ಈ ಕಾರ್ತಿಕದ ಮೊದಲ ದಿನದಿಂದ ಜಗಲಿಯ ಪಕ್ಕದ ಗಾಡಿಯ ದೀಪಕ್ಕೂ ಅದೇ ಮರ್ಯಾದೆ. ಷಡಕ್ಷರಪ್ಪ ಐದೂವರೆಗೇ ಟಾಕೀಸಿಗೆ ನಡೆದು ಹೋಗಿ ಟಿಕೆಟ್ಟಿನ ಬಾಗಿಲಲ್ಲಿ ನಿಲ್ಲುತ್ತಾನೆ. ಗಾಡಿ ಅಲ್ಲಿಟ್ಟರೆ ಪುಂಡರು ಹತ್ತಿ ಕೂರುತ್ತಾರೆಂದು ಮನೆಯಲ್ಲೇ ಬಿಟ್ಟು, ಎಂಟಕ್ಕೆ ಬಂದು ಉಂಡು ಒಯ್ಯುತ್ತಾನೆ. ಸೊಸೆ ದಾಕ್ಷಾಯಣಿ ಅದರ ಗುಂಡಿ ತಿರುಗಿಸುತ್ತಾಳೆ. ನಾನು ಎದುರು ನಿಂತು ವಿಭೂತಿ ಹಚ್ಚಿ ಕೈಮುಗಿಯುತ್ತೇನೆ. ದೇವರ ದೀಪದ ಎಣ್ಣೆ ತೀರುವವರೆಗೆ ಅದೂ ಉರಿಯುತ್ತದೆ. ಅನ್ನ ಕೊಡುವ ದೀಪ.

ಬೀದಿಯವರೆಲ್ಲ ನಿಂತು ನೋಡಿ ಹೋಗುತ್ತಾರೆ. ನೋಡಲಿ.

೨೩-೧೧-೪೬, ಶನಿವಾರ.

ಮತ್ತೆ. ನಿನ್ನೆ ಮಾಚೇನಹಳ್ಳಿಯ ಹತ್ತಿರ. ಅದೂ ಎರಡನೆಯ ಸಲ ಹೋಗುವಾಗ. ಮೊದಲು ಕೆಂಪಗಾಯಿತಂತೆ, ಆಮೇಲೆ ಇಲ್ಲ.

ಜಂಬಣ್ಣನವರು ಮನೆಗೆ ಬರಲಿಲ್ಲ, ಮಗನನ್ನೇ ಕರೆಸಿ ನಿಲ್ಲಿಸಿಕೊಂಡು ಮಾತಾಡಿದರು. "ಎರಡಾಯ್ತು. ಮೂರನೇದಾದ್ರೆ ಕಾರಿರೋರಿಗೆ ಕೊಡ್ತೀನಿ ಮಾರಾಯ. ನಂಗೂ ವ್ಯಾಪಾರ." ನಿಲ್ಲಿಸಿಕೊಂಡು. ಅದನ್ನು ಮರೆಯುವುದಿಲ್ಲ.

ರೋಗ ಏನೆಂದು ತಿಳಿಯದೆ ಔಷಧಿಗೆ ದುಡ್ಡು ಕೊಡುವವಳಲ್ಲ ನಾನು. ಮಗನನ್ನು ಗಾಡಿಯ ಹತ್ತಿರ ಕರೆದು ಕೇಳಿದೆ. ನನ್ನದೂ ಹೈಸ್ಕೂಲಿನವರೆಗೆ ಓದಿದ ತಲೆ, ಹೇಳಿದರೆ ಹತ್ತುತ್ತದೆ. ಎಂಜಿನ್ ಓಡುವಾಗ ಡೈನಮೋ ಎಂಬುದು ತಿರುಗಿ ಬ್ಯಾಟರಿಗೆ ತುಂಬುತ್ತದೆ. ದೀಪ ಅದನ್ನು ತಿನ್ನುತ್ತದೆ. ದೀಪದ ಬುರುಡೆಯ ಮೇಲೆ, ಸವಾರನ ಕಡೆಗೆ, ಗಡಿಯಾರದಂಥದ್ದೊಂದು. ಅದರೊಳಗೆ ಮುಳ್ಳು. "ಬಲಕ್ಕೆ ಹೋದ್ರೆ ಜಮಾ, ಎಡಕ್ಕೆ ಹೋದ್ರೆ ಖರ್ಚು" ಎಂದ. ಇಷ್ಟನ್ನು ಮೊದಲೇ ಹೇಳಬಾರದಿತ್ತೇ.

ಡೈನಮೋ ತುಂಬುತ್ತಿಲ್ಲ ಎಂಬುದು ಅವನ ಅನುಮಾನ. ಭದ್ರಾವತಿಯಲ್ಲಿ ಸುಬ್ಬಪ್ಪ ಎಂಬ ಮೆಕ್ಯಾನಿಕ್ ಇದ್ದಾನೆ. ಟಾಕೀಸಿನ ಎಂಜಿನ್ ನೋಡಿಕೊಳ್ಳುವವನು.

೨೬-೧೧-೪೬. ಭದ್ರಾವತಿ, ಸುವರ್ಣಮ್ಮನ ಮನೆ.

ಬೆಳಗಿನ ರೈಲಿಗೆ ಬಂದೆ. ಮಗಳನ್ನು ನೋಡಿದ ಹಾಗೂ ಆಯಿತು, ಮೆಕ್ಯಾನಿಕ್ಕನ್ನು ನೋಡಿದ ಹಾಗೂ ಆಯಿತು. ಅಳಿಯಂದಿರಿಗೆ ಕಾರ್ಖಾನೆಯ ಆಫೀಸಿನಲ್ಲಿ ಬಡ್ತಿಯಾಗಿದೆ, ಕುರ್ಚಿಗೆ ಕೈ ಬಂದಿದೆಯಂತೆ.

ಸುಬ್ಬಪ್ಪ ದಪ್ಪ ಮನುಷ್ಯ. ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಮಾತು. ಷಡಕ್ಷರಪ್ಪ ನನ್ನನ್ನು ಪರಿಚಯ ಮಾಡಿಸಿದ. ಸುಬ್ಬಪ್ಪ ಕೂರಲು ಟೈರು ತೋರಿಸಿದ. ನಿಂತೇ ಇದ್ದೆ.

"ಡೈನಮೋ ಒಳಗಿನ ಆರ್ಮೇಚರ್ ಸುಟ್ಟೈತೆ ಅಮ್ಮಾ. ತಂತಿ ಹೊಸದಾಗಿ ಸುತ್ತಬೇಕು."

"ಸುಟ್ಟದ್ದನ್ನು ತೋರಿಸು."

ಬಿಚ್ಚಿ ತೋರಿಸಿದ. ಕರ್ರಗಿತ್ತು. ನಮ್ಮ ಮನೆಯ ಬಾಣಲೆಯೂ ಕರ್ರಗಿದೆ, ಸುಟ್ಟಿಲ್ಲ. ಹಾಗೆಂದೆ.

"ಬಾಣಲೇನ ನಾನು ರಿಪೇರಿ ಮಾಡಲ್ಲಮ್ಮಾ" ಎಂದ. ಪಕ್ಕದ ಸೈಕಲ್ ಶಾಪಿನವನು ನಕ್ಕ. ಸುಬ್ಬಪ್ಪ ಮಾತ್ರ ನಗಲಿಲ್ಲ. "ಇದು ಅರ್ಧ ಜೀವ ಹೋಗಿರೋ ಮಾಲು. ಯುದ್ಧ ನೋಡಿರೋ ಗಾಡಿ. ಈಗ ಸುತ್ತಿಸ್ಕೊಂಡ್ರೆ ಐದು ವರ್ಷ ಯೋಚ್ನೆ ಇಲ್ಲ."

ಮೂವತ್ತೆರಡು ರೂಪಾಯಿ. ಬ್ಯಾಟರಿಗೂ ಹೊಸ ಪ್ಲೇಟು, ಅದಕ್ಕೆ ಹನ್ನೆರಡು. ಅರ್ಧ ಈಗ, ಅರ್ಧ ಗಾಡಿ ಓಡಿದ ಮೇಲೆ. ಈ ವಾರ ಬಾಡಿಗೆ ಕಾರಿನಲ್ಲಿ ಡಬ್ಬಿ ಹೋಗುತ್ತದೆ, ದುಡಿದದ್ದೆಲ್ಲ ಅದಕ್ಕೇ. ನನ್ನ ಹಳೆಯ ಬೆಳ್ಳಿ ಡಾಬು ಕೊಟ್ಟೆ. ಕಟ್ಟಿಕೊಳ್ಳುವ ಸೊಂಟವೂ ಅಲ್ಲ ಈಗ.

೭-೧೨-೪೬, ಶನಿವಾರ.

ಹತ್ತು ದಿನ ಬರೆಯಲಿಲ್ಲ. ಬರೆಯುವಂಥ ತಾಪತ್ರಯವೇ ಇರಲಿಲ್ಲ. ಡೈನಮೋ ಬಂತು. ಪ್ರತಿರಾತ್ರಿ ಎರಡು ಸಲ ಹೋಗಿ ಎರಡು ಸಲ ಬರುತ್ತಾನೆ. ನಾಳೆ ಹುಣ್ಣಿಮೆ. "ಬೆಳದಿಂಗಳಲ್ಲಿ ದೀಪಾನೇ ಬೇಡಮ್ಮ, ರಸ್ತೆ ಹಾಲು ಚೆಲ್ಲಿದಂಗಿದೆ" ಎನ್ನುತ್ತಾನೆ. ದೀಪ ಆರಿಸಿಕೊಂಡೇ ಹೋಗುತ್ತಾನಂತೆ. ಪೊಲೀಸರಿಗೆ ಕಂಡರೆ ಹಾಕಿಕೊಳ್ಳುತ್ತಾನೆ. ಹಾಕಿದಾಗ ಚೆನ್ನಾಗಿ ಹತ್ತುತ್ತದೆ.

ಭಾವನವರು ಬಜಾರಿನಲ್ಲಿ ಸಿಕ್ಕಿದರು. "ನಿನ್ನ ಮಗನ ಗಾಡಿ ಕೆಟ್ಟಿತ್ತಂತೆ?"

"ಇತ್ತು. ಈಗಿಲ್ಲ."

ಅಷ್ಟೇ ಹೇಳಿ ಬಂದೆ. ಕೊತ್ತಂಬರಿ ಕೊಳ್ಳುವುದು ಮರೆತೆ.

ಕಾರ್ತಿಕ ಮುಗಿದರೂ ಸಂಜೆಯ ದೀಪ ಬಿಟ್ಟಿಲ್ಲ. ಒಳ್ಳೆಯ ಅಭ್ಯಾಸ ತಿಂಗಳು ನೋಡಿ ಬಿಡುವುದಲ್ಲ.

೧೭-೧೨-೪೬, ಮಂಗಳವಾರ. ಮಧ್ಯಾಹ್ನ.

ಸಿಟ್ಟು ಇನ್ನೂ ಇಳಿದಿಲ್ಲ.

ಭಾನುವಾರ ರಾತ್ರಿ ದೀಪ ಹೋಯಿತು. ಕತ್ತಲು ಶುರುವಾದದ್ದೇ ತಡ. ಹೊಸ ತಂತಿ, ಹೊಸ ಪ್ಲೇಟು—ಎಲ್ಲ ಹೊಸದು. ಭದ್ರಾ ಸೇತುವೆಯ ಹತ್ತಿರ ಗಾಡಿ ಕಲ್ಲಿಗೆ ತಾಗಿ ಮಗನ ಮೊಣಕಾಲು ತರಚಿದೆ. ಡಬ್ಬಿಯೊಂದು ಉರುಳಿ ರೀಲು ಬಿಚ್ಚಿಹೋಗಿ, ನೆಲದ ಮೇಲೆ ಕೂತು ಸುತ್ತಿದನಂತೆ. ಮೂರನೆಯದಾಯಿತು.

ನಿನ್ನೆ ನಾನೇ ರೈಲು ಹತ್ತಿ ಹೋದೆ, ಮಗ ಗಾಡಿ ತಂದಿದ್ದ. ಸುಬ್ಬಪ್ಪನ ಅಂಗಡಿಯ ಮುಂದೆ, ಕಾರ್ಖಾನೆಯ ಶಿಫ್ಟು ಬಿಟ್ಟ ಹೊತ್ತು, ಜನ ತುಂಬಿದ್ದರು. ಅವನು ಗಾಡಿ ಸ್ಟಾರ್ಟ್ ಮಾಡಿ ಮುಳ್ಳು ತೋರಿಸಿ, "ನೋಡಿ, ತುಂಬ್ತಾ ಐತೆ, ನನ್ನ ಕೆಲಸ ಸರಿಯಾಗೈತೆ" ಎಂದ.

"ಹಗಲು ತುಂಬುತ್ತೆ, ರಾತ್ರಿ ಖಾಲಿ. ಕಳ್ಳನ ಜೇಬಿನ ಹಾಗೆ" ಎಂದೆ. "ಹಳೇ ತಂತಿಗೇ ಬಣ್ಣ ಹೊಡೆದು ಕೊಟ್ಟಿದ್ದೀಯ. ಉಳಿದ ದುಡ್ಡು ಕೇಳಬೇಡ."

ಜನ ನೋಡುತ್ತಿದ್ದರು. ಬಾಯಿಯ ಎಲೆ ಅಡಿಕೆ ಉಗುಳಿ ಬಂದು ಅಂದ: "ಅಮ್ಮಾ, ವಯಸ್ಸಿಗೆ ಮರ್ಯಾದೆ ಕೊಡ್ತೀನಿ. ಕಳ್ಳ ಅಂತ ಇವತ್ತಿನವರೆಗೂ ಯಾರೂ ಅಂದಿಲ್ಲ." ಅಷ್ಟೇ. ಒಳಗೆ ಹೋದ.

ಮಗನೂ ಜಂಬಣ್ಣನವರಿಗೆ ಇದನ್ನೇ ಹೇಳಿದ್ದಾನೆ. ಅವರು ಟಾಕೀಸಿನ ಎಂಜಿನ್ ಕೆಲಸವನ್ನು ಸುಬ್ಬಪ್ಪನಿಂದ ತೆಗೆದರಂತೆ. ಸರಿಯಾಯಿತು.

ಜಂಬಣ್ಣನವರು ತಿಂಗಳ ಕೊನೆಯವರೆಗೆ ಮಾತ್ರ ಬಿಟ್ಟಿದ್ದಾರೆ, ಬೇರೆ ಕಾರು ಗೊತ್ತಾಗುವವರೆಗೆ. ಮಗ ಅದಕ್ಕೂ ಕಾಯುವ ಹಾಗಿಲ್ಲ. "ಸಾಕಮ್ಮ. ಇದಕ್ಕೆ ಸುರಿದದ್ದು ಸಾಕು. ದಾವಣಗೆರೆಯವರೊಬ್ರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರ್ತಾರೆ, ಗಾಡಿ ಕೊಟ್ಟುಬಿಡ್ತೀನಿ. ದೊಡ್ಡಪ್ಪನ ಹತ್ರ ಮಾತಾಡ್ತೀನಿ."

ದೊಡ್ಡಪ್ಪನ ಹತ್ತಿರ. ಮೊಣಕಾಲಿಗೆ ಅರಿಸಿನ ಹಚ್ಚಿದೆ.

೧೮-೧೨-೪೬. ಸಂಜೆ ೬-೪೦.

ದಾಕ್ಷಾಯಣಿ ತಮ್ಮನ ನಿಶ್ಚಿತಾರ್ಥಕ್ಕೆಂದು ಬೆಳಿಗ್ಗೆ ತವರಿಗೆ ಹೋದಳು. ಮಗ ಟಾಕೀಸಿಗೆ. ಮನೆಯಲ್ಲಿ ನಾನೊಬ್ಬಳೇ. ದೀಪ ಹಚ್ಚಿದೆ. ಗಾಡಿಯ ಗುಂಡಿ ತಿರುಗಿಸಲು ನಾನೇ ಹೋಗಬೇಕಾಯಿತು. ಯಾವಾಗಲೂ ನಾನು ನಿಲ್ಲುವುದು ದೀಪದ ಎದುರು. ಇವತ್ತು ಸವಾರನ ಕಡೆ ನಿಂತೆ.

ತಿರುಗಿಸಿದೆ. ದೀಪ ಹತ್ತಿತು. ಮುಳ್ಳು ಎಡಕ್ಕೆ ವಾಲಿತು.

ಆರಿಸಿದೆ. ಮುಳ್ಳು ನಡುವಿಗೆ ಬಂತು. ಮತ್ತೆ ಹಾಕಿದೆ. ಎಡಕ್ಕೆ.

ಎಂಜಿನ್ ನಿಂತಿದೆ. ಡೈನಮೋ ತಿರುಗುತ್ತಿಲ್ಲ. ಜಮಾ ಇಲ್ಲ. ಖರ್ಚು ಮಾತ್ರ. ದೇವರ ದೀಪದ ಎಣ್ಣೆ ತೀರುವವರೆಗೆ... ದಿನಾ...

ಮಹಾಲಯ ಅಮಾವಾಸ್ಯೆಯ ಹೊತ್ತಿನ ಕತ್ತಲಲ್ಲಿ ಈ ಗಾಡಿ ಒಂದು ದಿನವೂ ಕೈಕೊಟ್ಟಿರಲಿಲ್ಲ. ಆಗ ನಾನು ಇದಕ್ಕೆ ಕೈಮುಗಿಯುತ್ತಿರಲಿಲ್ಲ. ಬೆಳದಿಂಗಳಲ್ಲಿ ಅವನು ದೀಪ ಆರಿಸಿ ಹೋಗುತ್ತಿದ್ದ. ಸಂಜೆ ನಾವು ಖಾಲಿ ಮಾಡಿದ್ದನ್ನು ದಾರಿಯಲ್ಲಿ ತುಂಬಿಕೊಳ್ಳುತ್ತಿತ್ತು. ಕತ್ತಲಲ್ಲಿ ತುಂಬಿದ್ದನ್ನೆಲ್ಲ ದೀಪವೇ ತಿನ್ನುತ್ತದೆ, ತುಂಬಿಕೊಳ್ಳಲು ಪುರಸೊತ್ತಿಲ್ಲ.

ಈಗ ಆರಿಸಿದ್ದೇನೆ. ಜಗಲಿಯಲ್ಲಿ ಕತ್ತಲು.

೧೯-೧೨-೪೬.

ಬರೆಯುವುದಕ್ಕೇನೂ ಇಲ್ಲ.

೨೦-೧೨-೪೬, ಶುಕ್ರವಾರ.

ಎರಡನೆಯ ಸಂಜೆ, ಗಾಡಿಯನ್ನು ಮುಟ್ಟಿಲ್ಲ. ಮೊನ್ನೆ, ನಿನ್ನೆ ಎರಡೂ ರಾತ್ರಿ ಕಡು ಕತ್ತಲು. ನಾಲ್ಕೂ ಓಡಾಟಕ್ಕೆ ದೀಪ ನಿಂತಿದೆ. ಬೆಳಿಗ್ಗೆ ಕಾಫಿ ಕೊಡುತ್ತಾ ಕೇಳಿದೆ, "ಹೇಗಿತ್ತು?"

"ಉರೀತು. ಅದಕ್ಕೇನೀಗ, ಇನ್ನೊಂದು ವಾರಕ್ಕೆ ಮತ್ತೆ ಆರುತ್ತೆ. ನಂಬೋದು ಬಿಟ್ಟಿದ್ದೀನಿ."

ಅಲ್ಲೇ ಹೇಳಬಹುದಿತ್ತು. ಲೋಟ ತೊಳೆಯಲು ಹೋದೆ.

ಲೋಟ ತೊಳೆದು ತೊಳೆದು ಯೋಚಿಸಿದೆ. ನಾನು ಬಾಯಿ ಬಿಡದಿದ್ದರೆ ದೀಪ ಉರಿಯುತ್ತಲೇ ಇರುತ್ತದೆ, ಆದರೆ ಉರಿಯುವ ದೀಪವಿರುವ ಗಾಡಿ ದಾವಣಗೆರೆಗೆ ಹೋಗುತ್ತದೆ, ನನ್ನ ಮಗ ಮಂಡಿಗೆ. ಸುಬ್ಬಪ್ಪ ಕಳ್ಳನಾಗಿಯೇ ಇರುತ್ತಾನೆ. ಎಲ್ಲರೂ ತಪ್ಪು ಜಾಗದಲ್ಲಿ. ನಾನೊಬ್ಬಳು ಮಾತ್ರ ನನ್ನ ಜಾಗದಲ್ಲಿ ನೆಟ್ಟಗೆ ಕೂತಿರುತ್ತೇನೆ.

೨೧-೧೨-೪೬, ಶನಿವಾರ. ಮಧ್ಯಾಹ್ನ ೩.

ಹೇಳಿದೆ.

ಊಟಕ್ಕೆ ಕೂತಿದ್ದ. ಮುದ್ದೆ ಮುರಿಯುತ್ತಿದ್ದ. ದಾಕ್ಷಾಯಣಿ ಬೆಳಿಗ್ಗೆಯೇ ಬಂದಿದ್ದಳು, ಸಾರು ಬಡಿಸುತ್ತಿದ್ದಳು. ಹೊರಗೆ ಹೋಗು ಎನ್ನಲಿಲ್ಲ. ಅವಳೂ ಕೇಳಲಿ.

"ಗಾಡಿಯ ದೀಪ ದಿನಾ ಸಂಜೆ ನಾನು ಹಚ್ಚಿಸುತ್ತಿದ್ದೆ. ಎಂಜಿನ್ ಇಲ್ಲದೆ."

ತಲೆ ಎತ್ತಿದ. "ಹಚ್ಚಿ?"

"ಪೂಜೆ ಮಾಡ್ತಿದ್ದೆ."

"ಮಾಡಿ ಆರಿಸ್ತಿದ್ಯಾ?"

"ದೇವರ ದೀಪದ ಎಣ್ಣೆ ತೀರಿದ ಮೇಲೆ."

"ಎಷ್ಟು ಎಣ್ಣೆ ಹಾಕ್ತಿದ್ದೆ ನೀನು?"

"ಕಾರ್ತಿಕ ಅಲ್ವೇನೋ. ಸ್ವಲ್ಪ ಹೆಚ್ಚೇ."

ದಾಕ್ಷಾಯಣಿ ಸೌಟು ಹಿಡಿದು ನಿಂತೇ ಇದ್ದಳು. ಮೆಲ್ಲಗೆ ಅಂದಳು, "ಏಳೂವರೆವರೆಗೆ. ಒಂದೊಂದು ದಿನ ಅದನ್ನೂ ದಾಟ್ತಿತ್ತು. ಇವರು ಬರೋ ಹೊತ್ತಿಗೆ ನಾನು ಆರಿಸ್ತಿದ್ದೆ. ಹೀಗಂತ ಗೊತ್ತಿರ್ಲಿಲ್ಲ ರೀ."

"ಅವಳನ್ನು ಏನೂ ಅನ್ನಬೇಡ. ಹಚ್ಚು ಎಂದವಳು ನಾನು" ಎಂದೆ.

ಸಿಟ್ಟಾಗುತ್ತಾನೆಂದುಕೊಂಡಿದ್ದೆ. ಅದಕ್ಕೆ ಸಿದ್ಧಳಾಗಿಯೇ ಕೂತಿದ್ದೆ. ಅವನು ತಟ್ಟೆ ನೋಡುತ್ತಾ ಕೂತ. ಆಮೇಲೆ ಭುಜ ಅಲುಗಾಡತೊಡಗಿತು. ನಗುತ್ತಿದ್ದ. ಮುದ್ದೆಯ ಕೈಯಲ್ಲೇ ಕಣ್ಣೊರೆಸಿಕೊಂಡು ಹುಬ್ಬಿಗೆಲ್ಲ ರಾಗಿ. ಮಿಲಿಟರಿಯಿಂದ ಬಂದ ಮೇಲೆ ಇವನು ಹೀಗೆ ನಕ್ಕದ್ದು ನಾನು ಕಂಡಿಲ್ಲ.

"ಬರ್ಮಾದಲ್ಲಿ ಕೆಸರಲ್ಲಿ ಲಾರಿ ಎಳೆದಿದ್ದೀನಿ, ಇಂಥ ಕಂಪ್ಲೇಂಟು ನೋಡಿಲ್ಲಮ್ಮ."

"ನಗಬೇಡ. ಸುಬ್ಬಪ್ಪನನ್ನು ಕಳ್ಳ ಎಂದವಳು ನಾನು. ಹತ್ತು ಜನರ ಮುಂದೆ. ನಾಳೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು."

"ನಾನೇ ಹೇಳಿ ಬರ್ತೀನಿ ಬಿಡು."

"ಬಾಯಿ ನನ್ನದು. ನಾನೇ ಬರ್ತೀನಿ."

"ಹನ್ನೊಂದರ ರೈಲಿಗೆ?"

"ಹತ್ತಕ್ಕೆ ಆ ದಾವಣಗೆರೆಯವರು ಬರ್ತಾರೆ. ಅಷ್ಟು ಹೊತ್ತಿಗೆ ಗಾಡಿ ಈ ಮನೆಯಲ್ಲಿ ಇರಕೂಡದು. ಗಾಡಿಯ ಮೇಲೇ ಹೋಗೋಣ."

ಅವನ ನಗು ಅಲ್ಲಿಗೆ ನಿಂತಿತು. "ನೀನು? ಹಿಂದೆ ಕೂತು?"

"ರೀಲಿನ ಡಬ್ಬಿ ಕೂರುವುದಿಲ್ಲವೇ."

೨೨-೧೨-೪೬, ಭಾನುವಾರ. ಸಂಜೆ.

ಮೈಯೆಲ್ಲ ನೋವು. ಆದರೂ ಬರೆಯಬೇಕು.

ಸೀರೆ ಬಿಗಿದು, ಸೆರಗನ್ನು ಸೊಂಟಕ್ಕೆ ಸುತ್ತಿ, ಕ್ಯಾರಿಯರಿಗೆ ಮಡಿಸಿದ ಕಂಬಳಿ ಹಾಸಿ, ಒಂದು ಕಡೆಗೆ ಕಾಲಿಟ್ಟು ಕೂತೆ. ದೊಡ್ಡಪೇಟೆಯ ಬಾಗಿಲುಗಳೆಲ್ಲ ತೆರೆದವು. ಬೆಲ್ಲದ ಮಂಡಿಯ ಮುಂದೆ ಭಾವನವರು ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದರು. ಕಡ್ಡಿ ಬಾಯಲ್ಲೇ ನಿಂತಿತು. ತಲೆ ಬಾಗಿಸಿ ನಮಸ್ಕಾರ ಮಾಡಿದೆ. ಹಿರಿಯರು.

ತುಂಗೆಯ ಸೇತುವೆಯ ಮೇಲೆ ಗಾಳಿ. ಮಗನ ಭುಜ ಗಟ್ಟಿಯಾಗಿ ಹಿಡಿದಿದ್ದೆ. ಮಲವಗೊಪ್ಪದವರೆಗೆ ಕಣ್ಣು ಮುಚ್ಚಿಕೊಂಡಿದ್ದೆ, ಆಮೇಲೆ ತೆರೆದೆ. ಗದ್ದೆಗಳು ಬೇಗ ಬೇಗ ಹಿಂದಕ್ಕೆ ಹೋಗುತ್ತವೆ. ರೈಲಿನಲ್ಲೂ ಹೋಗುತ್ತವೆ, ಆದರೆ ಅಲ್ಲಿ ಕಿಟಕಿ ಇರುತ್ತದೆ.

ಸುಬ್ಬಪ್ಪ ಅಂಗಡಿಯಲ್ಲಿದ್ದ. ನಾನು ಇಳಿಯುವುದನ್ನು ನೋಡಿ ಸ್ಪ್ಯಾನರ್ ಕೆಳಗಿಟ್ಟ. ಸೈಕಲ್ ಶಾಪಿನವನನ್ನು ನಾನೇ ಕರೆದೆ. ಚಹದಂಗಡಿಯಲ್ಲಿದ್ದ ನಾಲ್ವರನ್ನೂ. ಕಳ್ಳ ಎಂದಾಗ ಕೇಳಿದವರು ಇದನ್ನೂ ಕೇಳಬೇಕು.

"ನಿನ್ನ ಕೆಲಸ ಸರಿಯಾಗಿತ್ತು. ತಪ್ಪು ನಮ್ಮ ಮನೆಯಲ್ಲಿತ್ತು. ಬ್ಯಾಟರಿಯನ್ನು ದಿನಾ ಸಂಜೆ ನಾನೇ ಖಾಲಿ ಮಾಡುತ್ತಿದ್ದೆ, ಪೂಜೆಗೆ. ಕಳ್ಳ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ." ಉಳಿದ ದುಡ್ಡು ಬೆಂಚಿನ ಮೇಲಿಟ್ಟೆ.

ಸುಬ್ಬಪ್ಪ ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟ. ಆಮೇಲೆ, "ಆರು ವೋಲ್ಟು ಸಾಲ್ತಿತ್ತಾ ಅಮ್ಮಾ ನಿಮ್ಮ ದೇವ್ರಿಗೆ?"

ಸೈಕಲ್ ಶಾಪಿನವನು ಗೊಳ್ಳೆಂದ. ನಾನೂ... ನಕ್ಕೆನೇನೋ. ಮಗ ನಕ್ಕೆ ಎನ್ನುತ್ತಾನೆ.

"ಆದ್ರೂ ಆರ್ಮೇಚರ್ ಸುಟ್ಟಿತ್ತು, ಅದು ಸುಳ್ಳಲ್ಲ" ಎಂದ. ಸುಟ್ಟಿತ್ತೋ ಇಲ್ಲವೋ, ಈಗ ಆ ಮಾತು ಬೇಡ ಎಂದುಕೊಂಡೆ. ಈ ಸಲ ಟೈರಿನ ಮೇಲೆ ಕೂತೆ. ಚಹ ತರಿಸಿದ. ಹೊರಗಡೆ ಚಹ ಕುಡಿದವಳಲ್ಲ ನಾನು. ಕುಡಿದೆ.

ಹೊರಡುವಾಗ ಮಾತ್ರ ತಗ್ಗಿದ ದನಿಯಲ್ಲಿ ಹೇಳಿದ: "ದುಡ್ಡು ಬಂತು, ಮಾತೂ ಬಂತು. ಟಾಕೀಸಿನ ಎಂಜಿನ್ ಕೆಲಸ ಹೋಯ್ತಲ್ಲಮ್ಮ, ಅದರಲ್ಲೇ ಮನೆ ನಡೀತಿತ್ತು." ಕೇಳಿಸಿಕೊಂಡು ಗಾಡಿ ಹತ್ತಿದೆ.

ದಾವಣಗೆರೆಯವರು ಜಗಲಿಯಲ್ಲಿ ಮೂರು ಗಂಟೆ ಕೂತು, ದಾಕ್ಷಾಯಣಿಯ ಕೈಯ ಮಂಡಕ್ಕಿ ತಿಂದು ಹೋದರಂತೆ.

೨೪-೧೨-೪೬, ಮಂಗಳವಾರ. ಬೆಳಿಗ್ಗೆ ೯.

ನಿನ್ನೆ ಅಮಾವಾಸ್ಯೆ. ಭದ್ರಾವತಿಯಲ್ಲಿ ಹೊಸ ಚಿತ್ರದ ಮೊದಲ ದಿನ. ಜನ ಗೋಡೆ ಹತ್ತಿದ್ದರಂತೆ. ಎರಡು ಸಲವೂ ಡಬ್ಬಿ ಹೊತ್ತಿಗೆ ಮುಂಚೆ ತಲುಪಿದೆ. ಎರಡನೆಯ ಸಲ ಅಲ್ಲಿಯ ಆಪರೇಟರನೇ ಇನ್ನೂ ಊಟ ಮಾಡುತ್ತಿದ್ದನಂತೆ. ದೀಪ ಒಮ್ಮೆಯೂ ಕೆಂಪಗಾಗಲಿಲ್ಲ. ಬರುವಾಗ ನಿದಿಗೆಯ ಹತ್ತಿರ ಎರಡು ಮೊಲಗಳು ಬೆಳಕಿನಲ್ಲಿ ಎಷ್ಟೋ ದೂರ ಮುಂದೆ ಮುಂದೆ ಓಡಿದವಂತೆ. ಕಾರಿನವನು ಬೇಕಾಗಿಲ್ಲ ಎಂದು ಜಂಬಣ್ಣನವರು ರಾತ್ರಿಯೇ ಹೇಳಿ ಕಳಿಸಿದ್ದಾರೆ.

ಮಗ ಮಲಗಿದ್ದಾನೆ. ಮಲಗಲಿ.

ಈಗ ಜಂಬಣ್ಣನವರೇ ಬಂದಿದ್ದಾರೆ. ನಮ್ಮ ಜಗಲಿಗೆ. ದಾಕ್ಷಾಯಣಿ ಚಾಪೆ ಹಾಸಿ ನೀರು ಕೊಟ್ಟಳು. ತರೀಕೆರೆಯಲ್ಲೂ ಸಿನಿಮಾ ಟೆಂಟು ಹಾಕುತ್ತಾರಂತೆ, ಅಲ್ಲಿಗೂ ಡಬ್ಬಿ ಒಯ್ಯಲು ಷಡಕ್ಷರಪ್ಪನೇ ಬೇಕಂತೆ, ವರ್ಷದ ಕರಾರಂತೆ. ಮಗನನ್ನು ಎಬ್ಬಿಸಬೇಡ, ನಾನು ಮಾತಾಡುತ್ತೇನೆ ಎಂದಿದ್ದೇನೆ.

ಸ್ವಲ್ಪ ಕೂತಿರಲಿ. ನನ್ನ ಮಗನನ್ನು ನಿಲ್ಲಿಸಿಕೊಂಡವರು.

ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡಾಯಿತು. ದರದ ಮಾತು ಆಮೇಲೆ. ತರೀಕೆರೆಯ ಮಾತು ಆಮೇಲೆ. ಮೊದಲು ಸುಬ್ಬಪ್ಪನಿಗೆ ಎಂಜಿನ್ ಮನೆಯ ಬೀಗದ ಕೈ ವಾಪಸು ಹೋಗಬೇಕು, ಇವತ್ತೇ, ಅವರ ಕೈಯಿಂದಲೇ. ಯಾಕೆ ಎಂದು ಕೇಳುತ್ತಾರೆ. ಆಗ ಪ್ರಾರಂಭದಿಂದ ಎಲ್ಲವನ್ನೂ, ನನ್ನ ಪೂಜೆಯನ್ನೂ—

ಕೆಮ್ಮುತ್ತಿದ್ದಾರೆ. ಬಂದೆ ಎಂದು ಕೂಗಿದೆ. ಉಳಿದದ್ದು ಆಮೇಲೆ.